ರೋರಿಸ್‌ನ ಎಡಮಗ್ಗುಲು

ಚಿತ್ರವನ್ನು ಸುರುಳಿ ಸುತ್ತಿ ಒಯ್ಯುವುದೋ, ಎರಡು ಪ್ಲೈವುಡ್ ಹಲಗೆಗಳ ನಡುವೆ ಚಪ್ಪಟೆಯಾಗಿ ಒಯ್ಯುವುದೋ ಎಂದು ಯೋಚಿಸುತ್ತಲೇ ಬ್ಲಾಂಕಾ ಎರಡು ಸಲ ಕಾಫಿಯನ್ನು ಆರಲು ಬಿಟ್ಟಳು. ಸುರುಳಿ ಸುತ್ತಿದರೆ ಬಣ್ಣ ಬಿರಿಯುತ್ತದೆ, ಹಲಗೆಯಲ್ಲಿಟ್ಟರೆ ಟ್ರಾಲಿಬಸ್ಸಿನಲ್ಲಿ ಎಲ್ಲರಿಗೂ ಅಡ್ಡ. ನಲವತ್ತು ವರ್ಷ ಚಿತ್ರ ಹೊತ್ತು ತಿರುಗಿದವಳಿಗೆ ಇದು ತಿಳಿಯದ ವಿಷಯವೇನಲ್ಲ. ನಿಜಕ್ಕೂ ಅವಳ ತಲೆಯಲ್ಲಿದ್ದುದು ಬೇರೆ. ತಾನು ಬರೆದ ಸಿನಿಮಾ ನೌಕೆಯನ್ನು ರೂಪಿಸಿದ ಆ ಮುದುಕರು ಅದರ ಎಡಗಡೆಯನ್ನು ನೋಡಿದ ಕೂಡಲೇ ಏನನ್ನುತ್ತಾರೆ? ಸಹಿ ಹಾಕುತ್ತಾರೋ, ಬಾಗಿಲು ತೋರಿಸುತ್ತಾರೋ? ಸಹಿ ಹಾಕಿದರೆ ಬರುವ ಶುಕ್ರವಾರ ಜ್ಲೀನ್ ಊರಿನ ಸಿನಿಮಾ ಕಲೆಯ ಪ್ರದರ್ಶನದಲ್ಲಿ ಮುಂಬಾಗಿಲ ಎದುರಿನ ಗೋಡೆ ಅವಳ ಚಿತ್ರಕ್ಕೆ. ಹಾಕದಿದ್ದರೆ ಯಾವ ಗೋಡೆಯೂ ಇಲ್ಲ. ಪ್ರದರ್ಶನ ನಡೆಸುವ ರಾದಾನಾ ಎಂಬ ಹುಡುಗಿ ಫೋನಿನಲ್ಲಿ ಸಿಹಿಯಾಗಿಯೇ ಹೇಳಿದ್ದಳು, "ನೀವು ಬರ್ದಿರೋದು ಚೆನ್ನಾಗಿದೆ, ಆದ್ರೆ ನೌಕೆ ಅವರದ್ದಲ್ವಾ? ಅವರ ಸಹಿ ಬೇಕು." ಅರವತ್ತೆರಡನೆಯ ವಯಸ್ಸಿನಲ್ಲಿ ಮೊದಲ ಗೋಡೆ. ಹನ್ನೊಂದು ತಿಂಗಳ ಕೆಲಸ. ಬ್ಲಾಂಕಾ ಹಲಗೆಗಳನ್ನೇ ತಂದು ಪರದೆಯ ಹಗ್ಗದಿಂದ ಬಿಗಿದಳು.

"ಅದನ್ನ ಹೊತ್ಕೊಂಡು ಬಸ್ಸಿಗೆ ಹೋಗ್ತೀಯಾ? ನಾನು ಡ್ರೈವರ್ ಆಗಿದ್ರೆ ಹತ್ತಿಸ್ತಾನೇ ಇರ್ಲಿಲ್ಲ," ಎಂದ ಗಂಡ ಲೆಯೋಶ್. ಇಪ್ಪತ್ತೆಂಟು ವರ್ಷ ಟ್ರಾಲಿಬಸ್ಸು ಓಡಿಸಿ ನಿವೃತ್ತನಾದವನು. ಈಗ ಅಡುಗೆಮನೆಯ ಕಿಟಕಿಯಿಂದ ಎಲ್ಲ ಬಸ್ಸುಗಳ ತಪ್ಪು ಹುಡುಕುವುದೇ ಅವನ ಕೆಲಸ.

"ನೀನು ಡ್ರೈವರ್ ಆಗಿದ್ದಾಗ ಮೇಕೆ ಹತ್ತಿಸ್ಕೊಂಡಿದ್ದೆ. ಸುಮ್ನಿರೋ."

"ಮೇಕೆ ಸಾಧುವಾಗಿತ್ತು. ಇದಕ್ಕೆ ಗೂನು ಬೇರೆ ಇದೆ. ಮುದುಕಪ್ಪ ನೋಡಿ ಬಿದ್ದುಗಿದ್ದು ಹೋದ್ರೆ ಏನ್ಮಾಡ್ತೀಯ?"

ತಮಾಷೆಗೆಂದ ಮಾತೇ. ಆದರೂ ಅವಳಿಗೆ ಕೋಟಿನ ಗುಂಡಿ ಹಾಕುವಾಗ ಬೆರಳು ತಪ್ಪಿತು. ಗೂನು ಎಂಬ ಮಾತನ್ನು ಅವನು ಹೇಳಬಾರದಿತ್ತು. ಹನ್ನೊಂದು ತಿಂಗಳಲ್ಲಿ ಅವಳು ಆ ಭಾಗವನ್ನು ಒಮ್ಮೆಯೂ ಹಾಗೆ ಕರೆದಿರಲಿಲ್ಲ. ಲೆಯೋಶ್ ಎದ್ದು ಬಂದು, ಆರಿದ ಬಾಬೊವ್ಕಾ ಕೇಕನ್ನು ಕಾಗದದಲ್ಲಿ ಸುತ್ತಿ ಅವಳ ಚೀಲಕ್ಕೆ ಹಾಕಿ, ಗುಂಡಿಯನ್ನೂ ಅವನೇ ಹಾಕಿದ. "ಹೋಗ್ಬಾ. ಸರಿಯಾಗೇ ಮಾಡಿದ್ದೀಯ," ಎಂದ. ಅವನು ಈ ಚಿತ್ರಗಳಲ್ಲಿ ಒಂದನ್ನೂ ಅರ್ಥ ಮಾಡಿಕೊಂಡವನಲ್ಲ. ಆದರೂ ಆ ಮಾತು ಅವಳನ್ನು ಬಸ್ ನಿಲ್ದಾಣದವರೆಗೆ ಬೆಚ್ಚಗಿಟ್ಟಿತು.

ಟ್ರಾಲಿಬಸ್ಸಿನಲ್ಲಿ ಪಕ್ಕದ ಹೆಂಗಸು ಹಲಗೆಗಳನ್ನು ಬೆರಳಿನಿಂದ ತಟ್ಟಿ ನೋಡಿ, "ಇಸ್ತ್ರಿ ಮೇಜಾ?" ಎಂದು ಕೇಳಿದಳು. ಬ್ಲಾಂಕಾ ಹೌದೆಂದುಬಿಟ್ಟಳು. ಯಾಕೆ ಹೌದೆಂದೆ ಎಂದು ಮುಂದಿನ ನಿಲ್ದಾಣದವರೆಗೂ ತನ್ನನ್ನು ತಾನೇ ಬೈದುಕೊಂಡಳು. ಆದರೆ ಇಲ್ಲವೆಂದಿದ್ದರೆ ಏನು ಹೇಳಬೇಕಿತ್ತು? ಐವತ್ತು ವರ್ಷದ ಹಿಂದಿನ ಒಂದು ಸಿನಿಮಾದಲ್ಲಿ ರೋರಿಸ್ ಅಂತ ಒಂದು ಬಾಹ್ಯಾಕಾಶ ನೌಕೆ ಇತ್ತಮ್ಮ, ನೆಲಕ್ಕಿಳಿಯದೆ ಸದಾ ಹಾರುವ ಒಂದು ಹಕ್ಕಿಯ ಹೆಸರದು, ಅದರ ಹೊರಮೈಯನ್ನು ಸೀಳಿ ಒಳಗಿನ ಕೋಣೆ, ಕೊಳವೆ, ಮಂಚ, ತೊಟ್ಟಿ, ಮೂಲೆಯ ಪೊರಕೆಯವರೆಗೆ ಎಲ್ಲ ತೋರಿಸುವ ಸೀಳುಚಿತ್ರ ಬರೆದಿದ್ದೇನೆ, ನೂರ ಅರವತ್ತನಾಲ್ಕು ನಂಬರು, ನಂಬರಿಗೊಂದು ಹೆಸರು ಕೆಳಗಿನ ಪಟ್ಟಿಯಲ್ಲಿದೆ ಅನ್ನಬೇಕಿತ್ತೇ? ಹಾಗಂದವರಿಗೆ ಬರುವ ಉತ್ತರ ಅವಳಿಗೆ ಗೊತ್ತು. ಇಲ್ಲದ ವಸ್ತುವಿನ ಒಳಗನ್ನು ಯಾರಾದರೂ ಹೇಗೆ ಬರೆಯುತ್ತಾರೆ, ಹೇಗೆ ಬರೆದರೂ ಸರಿಯೇ ಅಲ್ಲವೇ ಎನ್ನುತ್ತಾರೆ. ಈ ಮಾತು ಕೇಳಿದಾಗಲೆಲ್ಲ ಅವಳಿಗೆ ಮೈ ಉರಿಯುತ್ತದೆ. ಹೇಗೆ ಬರೆದರೂ ಸರಿ ಆಗುವುದಿಲ್ಲ. ಬಾಗಿಲಿನ ಹಿಂದೆ ಮನುಷ್ಯ ನಿಲ್ಲಬೇಕು. ಮೇಲಿನ ಮಹಡಿಯ ನೀರು ಎಲ್ಲೋ ಒಂದು ಕಡೆ ಇಳಿಯಬೇಕು. ಊಟದ ಕೋಣೆಯಲ್ಲಿ ಕೂತವನು ಎದ್ದು ಹೊರಟರೆ ಎಂಜಿನ್ನಿನ ಒಳಗೆ ಕಾಲಿಡಬಾರದು.

ಊಟದ ಕೋಣೆಯಿಂದಲೇ ಎಲ್ಲ ಶುರುವಾದದ್ದು. ಎಂಜಿನ್ ಕೆಟ್ಟ ಮೇಲೆ ಏಳು ಜನ ಕೂತು ಒಂದೇ ಪಾತ್ರೆಯ ಆಲೂಗಡ್ಡೆ ಸೂಪು ಹಂಚಿಕೊಳ್ಳುವ ದೃಶ್ಯ ಅವಳ ವಯಸ್ಸಿನವರಿಗೆಲ್ಲ ಬಾಯಿಪಾಠ. ಆ ಕೋಣೆ ನೌಕೆಯೊಳಗೆ ಹಿಡಿಸುವುದಿಲ್ಲ. ಸೀಳುಚಿತ್ರ ಬರೆಯುವವರಿಗೆಲ್ಲ ಗೊತ್ತಿರುವ ಕಾಟ ಇದು. ಹೊರಗಿನ ನೌಕೆ ಒಂದು ಕಡೆ ಮೇಜಿನ ಮೇಲೆ ಮಾಡೆಲ್ ಆಗಿ ಹುಟ್ಟುತ್ತದೆ, ಒಳಗಿನ ಕೋಣೆ ಇನ್ನೊಂದು ಕಡೆ ಸ್ಟುಡಿಯೋದಲ್ಲಿ ಸೆಟ್ಟಾಗಿ ಏಳುತ್ತದೆ, ಎಷ್ಟೋ ಸಲ ಕಟ್ಟುವವರು ಒಬ್ಬರ ಮುಖ ಒಬ್ಬರು ನೋಡಿರುವುದಿಲ್ಲ. ಮಾಡೆಲಿನ ಬಾಗಿಲೂ ನಾಯಕಿ ನಿಂತಿದ್ದ ನಿಜ ಅಳತೆಯ ಬಾಗಿಲೂ ಒಂದೇ ಆದ್ದರಿಂದ ನೌಕೆಯ ಅಗಲ ಸಿಕ್ಕಿತ್ತು, ಒಳಗೆ ಐದು ಮೀಟರ್ ಇಪ್ಪತ್ತು. ಊಟದ ಕೋಣೆಯ ಅಗಲವನ್ನು ಅವಳು ಕುರ್ಚಿಯಿಂದ ಹಿಡಿದಳು. ಆ ಕುರ್ಚಿ ಅವಳಿಗೆ ಚಿರಪರಿಚಿತ. ಅವಳಿದ್ದ ಪಂಪು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಂಥವೇ ಇನ್ನೂರಿದ್ದವು, ಅವುಗಳ ಮೇಲೆ ಹತ್ತೊಂಬತ್ತು ವರ್ಷ ಕೂತಿದ್ದಾಳೆ, ಕೂರುವ ಹಲಗೆ ನೆಲದಿಂದ ನಲವತ್ತಾರು ಸೆಂಟಿಮೀಟರ್. ಹಾಗೆ ಲೆಕ್ಕ ಹಾಕಿದರೆ ಕೋಣೆ ಏಳು ಮೀಟರ್. ಅವಳಿಗಿಂತ ಮುಂಚೆ ರೋರಿಸ್ ಬರೆದ ಮೂವರೂ ಕೋಣೆಯನ್ನು ಕುಗ್ಗಿಸಿ, ಏಳು ಜನರನ್ನು ಬೀರುವಿನಂಥ ಜಾಗಕ್ಕೆ ತುರುಕಿ, ಪಟ್ಟಿಯಲ್ಲಿ ಊಟದ ಕೋಣೆ ಎಂದು ಬರೆದು ಕೈ ತೊಳೆದುಕೊಂಡಿದ್ದರು. ಅವಳಿಗೆ ಅದು ಆಗಲಿಲ್ಲ.

ಯಾಕೆ ಆಗಲಿಲ್ಲ ಎಂಬುದು ಯಾರಿಗೂ ಹೇಳದ ಕಥೆ. ಬ್ರ್ನೋ ಊರಿನ ಯಂತ್ರಮೇಳಕ್ಕೆ ಕಾರ್ಖಾನೆಯವರು ಹೊಸ ಪಂಪಿನ ಸೀಳುಚಿತ್ರ ಕೇಳಿದ್ದರು. ನಿಜವಾದ ಪಂಪಿನಲ್ಲಿ ನೀರು ತಡೆಯುವ ಬಳೆ ಒಂದೇ ಇತ್ತು. ಪಂಪು ಗಟ್ಟಿಮುಟ್ಟಾಗಿ ಕಾಣಲೆಂದು ಎರಡು ಬರೆದುಬಿಡು ಎಂದರು, ಎರಡು ಬರೆದಳು. ಯಾರಿಗೂ ಏನೂ ಆಗಲಿಲ್ಲ, ಯಾವ ಪಂಪೂ ಒಡೆಯಲಿಲ್ಲ, ಅವಳಿಗೆ ಬಹುಮಾನವಾಗಿ ಒಂದು ಗೋಡೆಗಡಿಯಾರ ಕೊಟ್ಟರು. ಚಿತ್ರ ಮಾತ್ರ ಹದಿನೈದು ವರ್ಷ ಕಾರ್ಖಾನೆಯ ಬಾಗಿಲಲ್ಲಿ ತೂಗುತ್ತಿತ್ತು. ದಿನಾ ಬೆಳಿಗ್ಗೆ ಅದರ ಮುಂದೆ ಹಾಯುವಾಗ ಅವಳು ಕೈಚೀಲದಲ್ಲಿ ಏನನ್ನೋ ಹುಡುಕುತ್ತಾ ಹೋಗುತ್ತಿದ್ದಳು. ಆ ಎರಡನೆಯ ಬಳೆಯ ನೆರಳನ್ನು ಅವಳು ಎಷ್ಟು ಚೆನ್ನಾಗಿ ಹಾಕಿದ್ದಳೆಂದರೆ ಪಂಪು ಜೋಡಿಸುವ ಕೆಲಸಗಾರನೊಬ್ಬ ನಿಂತು ನೋಡಿ, ನಮಗ್ಯಾಕೆ ಇಂಥದ್ದು ಕೊಟ್ಟಿಲ್ಲ ಎಂದು ಕೇಳಿದ್ದ. "ಇಳಿಯೋರು ಇಳೀರಿ," ಎಂದು ಬಸ್ಸಿನ ಧ್ವನಿವರ್ಧಕ ಕೂಗಿತು. ಇಸ್ತ್ರಿ ಮೇಜಿನ ಹೆಂಗಸು ಹಲಗೆಗಳ ಒಂದು ತುದಿ ಹಿಡಿದು ಇಳಿಸಿಕೊಟ್ಟಳು. ಒಳ್ಳೆಯವಳೇ.

ಗುಡ್ಡದ ದಾರಿ ಹತ್ತುತ್ತಾ ಬ್ಲಾಂಕಾಳಿಗೆ ತನ್ನ ಉತ್ತರ ಮತ್ತೆ ನೆನಪಾಗಿ ಹೆಮ್ಮೆ ಉಕ್ಕಿತು. ಸಿನಿಮಾದಲ್ಲಿ ರೋರಿಸ್ ಕಾಣಿಸುವ ಇನ್ನೂರ ಹನ್ನೆರಡು ತುಣುಕುಗಳನ್ನೂ ನಿಲ್ಲಿಸಿ ನಿಲ್ಲಿಸಿ ನೋಡಿದಾಗ ಅವಳಿಗೆ ಒಂದು ವಿಷಯ ಹೊಳೆದಿತ್ತು. ಒಂದರಲ್ಲೂ ಎಡಮಗ್ಗುಲು ಇಲ್ಲ. ನೌಕೆ ಹಾರುವುದು, ತಿರುಗುವುದು, ಸಾಯುವುದು ಎಲ್ಲ ಬಲಮಗ್ಗುಲಲ್ಲೇ. ಮಾಡೆಲನ್ನು ಎತ್ತಿ ಹಿಡಿದ ಕಬ್ಬಿಣದ ಸರಳು ಎಡಗಡೆಯಿಂದ ಒಳಹೋಗಿದ್ದಿರಬೇಕು. ಬಲಗಡೆಯಂತೆಯೇ ಎಡಗಡೆಯೂ ಎಂದು ಐವತ್ತು ವರ್ಷ ಎಲ್ಲರೂ ನಂಬಿಕೊಂಡು ಬಂದದ್ದಷ್ಟೇ. ಅವಳು ಅದುವರೆಗೆ ಯಾರೂ ನೋಡದ ಆ ಮಗ್ಗುಲನ್ನೇ ಮುಂದಕ್ಕೆ ತಿರುಗಿಸಿದಳು. ಅಲ್ಲಿ ಊಟದ ಕೋಣೆಯನ್ನು ಒಂದು ಮೀಟರ್ ಎಂಬತ್ತರಷ್ಟು ಹೊರಕ್ಕೆ ಬಿಟ್ಟಳು. ಅದರ ಸುತ್ತ ತಗಡಿನ ಹೊದಿಕೆ, ಅದನ್ನು ಹೊರುವ ತೊಲೆಗಳು, ಬದಿಗೆ ಸರಿದ ಇಂಧನದ ತೊಟ್ಟಿಗಳು ಎಲ್ಲ ತಾವಾಗಿ ಬಂದು ಕೂತವು. ಸಿನಿಮಾದ ಒಂದು ತುಣುಕಿಗೂ ಅದರಿಂದ ಧಕ್ಕೆಯಿಲ್ಲ. ಏಳು ಜನ ಕೈಚಾಚಿ ಉಣ್ಣಬಹುದು. ಇದನ್ನು ಕಂಡುಹಿಡಿದ ದಿನ ಅವಳು ಒಬ್ಬಳೇ ಅಡುಗೆಮನೆಯಲ್ಲಿ ಒಂದು ಗುಟುಕು ಸ್ಲಿವೋವಿತ್ಸೆ, ಪ್ಲಮ್ ಹಣ್ಣಿನ ಬ್ರಾಂದಿ, ಕುಡಿದಿದ್ದಳು. ಒಂದೇ ತೊಡಕು. ರೋರಿಸ್‌ನ ಒಳಗೂ ಹೊರಗೂ ಎರಡನ್ನೂ ರೂಪಿಸಿದ ಆರ್ಕಿಟೆಕ್ಟ್ ಕ್ವಿದೋ ರೂಲಿಕ್ ಇನ್ನೂ ಬದುಕಿದ್ದಾರೆ, ಮತ್ತು ಐವತ್ತು ವರ್ಷದಿಂದ ಕೇಳಿದವರಿಗೆಲ್ಲ ಒಂದೇ ಮಾತು ಹೇಳುತ್ತಾ ಬಂದಿದ್ದಾರೆ. ನನ್ನ ನೌಕೆಯಲ್ಲಿ ಎಲ್ಲವೂ ಸೆಂಟಿಮೀಟರ್ ಲೆಕ್ಕದಲ್ಲಿ ಹಿಡಿಸುತ್ತದೆ ಎಂದು.

ಬಾಗಿಲು ತೆರೆದವರು ಅವರೇ. ತೊಂಬತ್ತೊಂದರ ವಯಸ್ಸಿಗೆ ನೆಟ್ಟಗಿದ್ದರು, ಟೈ ಬೇರೆ ಕಟ್ಟಿದ್ದರು. ಬ್ಲಾಂಕಾ ಬೂಟು ಬಿಚ್ಚಿದಾಗ ಬಲಗಾಲಿನ ಕಾಲುಚೀಲದಿಂದ ಹೆಬ್ಬೆರಳು ಇಣುಕಿತು. ಹೊರಡುವಾಗ ಇರದ ತೂತು. ಅವರು ಅದನ್ನು ನೋಡಿ, ನೋಡದವರಂತೆ ಅತಿಥಿಗಳ ಚಪ್ಪಲಿ ಮುಂದೆ ತಳ್ಳಿದರು. ಗಂಡಸರದ್ದು, ಹಡಗಿನಷ್ಟು ದೊಡ್ಡದು. ಪಟಪಟ ಸದ್ದು ಮಾಡುತ್ತಾ, ಚಿತ್ರ ಹೊತ್ತು, ಕೇಕು ಹಿಡಿದು, ಆ ಶುಭ್ರವಾದ ನಡುಮನೆಗೆ ನಡೆಯುವಾಗ ಅವಳಿಗೆ ತಾನು ತಪಾಸಣೆಗೆ ಬಂದವಳೋ ತಪಾಸಣೆಗೆ ಒಳಗಾಗಲು ಬಂದವಳೋ ತಿಳಿಯಲಿಲ್ಲ.

"ಬಾಬೊವ್ಕಾ ತಂದಿದ್ದೀರಿ. ಅಂದ್ರೆ ಏನೋ ತಪ್ಪು ಮಾಡಿದ್ದೀರಿ," ಎಂದರು ರೂಲಿಕ್. "ಬಿಚ್ಚಿ, ನೋಡೋಣ."

ಅವಳು ಹಗ್ಗ ಬಿಚ್ಚಿ ಚಿತ್ರವನ್ನು ಮೇಜಿನ ಮೇಲೆ ಹಾಸಿದಳು. ಅವರು ಕನ್ನಡಕ ಬದಲಾಯಿಸಿದರು. ಮೊದಲು ಮೂತಿ ನೋಡಿದರು, ತಲೆಯಾಡಿಸಿದರು. ಮಲಗುವ ಕೋಣೆಗಳನ್ನು ನೋಡಿದರು, ಪೊರಕೆ ನೋಡಿ ನಕ್ಕರು. ಬ್ಲಾಂಕಾ ಅವರ ಮೂಗಿನ ದಾರಿಯನ್ನೇ ಹಿಂಬಾಲಿಸುತ್ತಿದ್ದಳು. ಮೂಗು ನಡುಭಾಗಕ್ಕೆ ಬಂದು ನಿಂತಿತು. ಗೋಡೆಯ ಆಚೆ ಯಾರೋ ರೇಡಿಯೋ ಹಾಕಿದರು, ಆರಿಸಿದರು. ಇಷ್ಟು ವರ್ಷ ತಾನು ಕಾಗದದ ಮೇಲೆ ಏನೆಲ್ಲ ಸೀಳಿದ್ದೇನೆ, ಪಂಪು, ಕವಾಟ, ಟರ್ಬೈನು, ಆದರೆ ಯಾವುದರ ಒಡೆಯನೂ ಹೀಗೆ ಎದುರು ನಿಂತು ನೋಡಿರಲಿಲ್ಲ ಎಂದು ಅವಳಿಗೆ ಅನಿಸಿತು.

"ಏನಮ್ಮ ಇದು?"

"ಊಟದ ಕೋಣೆ, ಆರ್ಕಿಟೆಕ್ಟ್ ಸಾಹೇಬ್ರೆ."

"ಊಟದ ಕೋಣೆ ನಾನು ಕಟ್ಟಿದ್ದು, ನನಗೆ ಗೊತ್ತು. ಈ ಬಾವು ಏನು ಅಂತ ಕೇಳ್ದೆ. ನನ್ನ ಹಕ್ಕಿಗೆ ಬಾವು ಬಂದಿದೆ! ಯಾರು ಕೊಟ್ರು ನಿಮಗೆ ಈ ಅಧಿಕಾರ?"

ಬ್ಲಾಂಕಾಳ ಮುಖ ಕಿವಿಯವರೆಗೆ ಬಿಸಿಯಾಯಿತು. ಇಲ್ಲಿ ಕ್ಷಮೆ ಕೇಳಿ, ಮನೆಗೆ ಹೋಗಿ, ಕೋಣೆಯನ್ನು ಕುಗ್ಗಿಸಿ ತಂದರೆ ಈ ಮನುಷ್ಯ ನಗುನಗುತ್ತಾ ಸಹಿ ಹಾಕುತ್ತಾರೆ ಎಂಬುದು ಅವಳಿಗೆ ಸ್ಪಷ್ಟವಾಗಿ ಕಂಡಿತು. ಶುಕ್ರವಾರದೊಳಗೆ ಆಗುವ ಕೆಲಸ ಅದು. ನಾಲಿಗೆಯ ತುದಿಗೆ ಕ್ಷಮಿಸಿ ಎಂಬ ಮಾತೂ ಬಂದಿತ್ತು. ಹೊರಟದ್ದು ಬೇರೆ.

"ಹಿಡಿಸಲ್ಲ ಸಾಹೇಬ್ರೆ. ನೀವು ಹಿಡಿಸುತ್ತೆ ಅಂತ ಹೇಳ್ತಾ ಬಂದಿದ್ದೀರಿ. ನಾನು ಅಳೆದಿದ್ದೀನಿ. ನೌಕೆ ಐದು ಇಪ್ಪತ್ತು, ಕೋಣೆ ಏಳು ಮೀಟರ್."

"ಏಳಾ!" ರೂಲಿಕ್ ಮೇಜು ತಟ್ಟಿದರು. "ಆ ಸ್ಟುಡಿಯೋದಲ್ಲಿ ಏಳು ಮೀಟರ್ ಜಾಗ ಎಲ್ಲಿತ್ತು? ಯಾವುದರಿಂದ ಅಳೆದ್ರಿ? ಮೊಳದಲ್ಲಾ?"

"ಕುರ್ಚಿಯಿಂದ. ಕ್ಯಾಂಟೀನ್ ಕುರ್ಚಿ. ನಲವತ್ತಾರು."

ಅವರು ಅವಳನ್ನೇ ನೋಡಿದರು. ಆಮೇಲೆ ನಗತೊಡಗಿದರು. ಕೆಮ್ಮು ಬರುವಷ್ಟು, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಕಾಲು ಕೊಯ್ದಿದ್ವಮ್ಮಾ ಅವನ್ನ! ಎಲ್ಲ ಕುರ್ಚೀನೂ ಎಂಟೆಂಟು ಸೆಂಟಿಮೀಟರ್. ಮೇಜೂ ಅಷ್ಟೇ. ಜಾಗ ಸಣ್ಣದು, ಸಾಮಾನು ಗಿಡ್ಡ ಮಾಡಿದ್ರೆ ಕೋಣೆ ದೊಡ್ಡದಾಗಿ ಕಾಣುತ್ತೆ. ನಾನೇ ಗರಗಸ ಹಿಡಿದಿದ್ದೆ. ಕ್ಯಾಪ್ಟನ್‌ನ ಮೊಣಕಾಲು ನೋಡಿಲ್ವಾ ನೀವು? ಗದ್ದಕ್ಕೆ ಬಡೀತಿತ್ತು."

ನೋಡಿದ್ದಳು. ನೂರು ಸಲ ನೋಡಿದ್ದಳು. "ಆ ನಟ ಉದ್ದ ಇದ್ದಾನೆ ಅಂದ್ಕೊಂಡಿದ್ದೆ," ಎಂದಳು.

"ಉದ್ದನಾ? ಅವನು ನನ್ನ ಭುಜಕ್ಕೆ ಬರ್ತಿದ್ದ!"

ಚಪ್ಪಲಿಯೊಳಗೆ ಹೆಬ್ಬೆರಳು ತಣ್ಣಗಾಗಿತ್ತು. ಹನ್ನೊಂದು ತಿಂಗಳು ಮರದ ತುಂಡನ್ನು ನಂಬಿ, ಅದರ ಮೇಲೆ ಕೂತ ಮನುಷ್ಯನ ಮೊಣಕಾಲನ್ನು ನಂಬಲಿಲ್ಲ. ತನ್ನ ಕ್ಯಾಂಟೀನಿನ ಕುರ್ಚಿಯೇ ಜಗತ್ತಿನ ಅಳತೆ ಎಂದುಕೊಂಡಿದ್ದಳು. ಅವಮಾನದ ಜೊತೆಜೊತೆಗೇ, ವಿಚಿತ್ರವೆಂದರೆ, ತಲೆ ತನ್ನಷ್ಟಕ್ಕೆ ಲೆಕ್ಕ ಶುರುಮಾಡಿತ್ತು. ಅವಳು ಕೇಕಿನ ಕಾಗದವನ್ನು ಎಳೆದುಕೊಂಡು, ಕೋಟಿನ ಜೇಬಿನಿಂದ ಪೆನ್ಸಿಲ್ ತೆಗೆದಳು. ಏಳು ಮೀಟರನ್ನು, ಎಂಟು ಕಳೆದು ಉಳಿದ ಮೂವತ್ತೆಂಟರಿಂದ ಗುಣಿಸಿ ನಲವತ್ತಾರರಿಂದ ಭಾಗಿಸಿದಳು. ಮತ್ತೊಮ್ಮೆ ಮಾಡಿದಳು. ರೂಲಿಕ್ ನಗು ನಿಲ್ಲಿಸಿ ಪೆನ್ಸಿಲನ್ನೇ ನೋಡುತ್ತಿದ್ದರು.

"ಐದು ಎಪ್ಪತ್ತೆಂಟು," ಎಂದಳು.

"ಹಾಂ. ಹೇಳಿದ್ನಲ್ಲ, ಏಳಲ್ಲ ಅಂತ."

"ನೌಕೆ ಐದು ಇಪ್ಪತ್ತು ಸಾಹೇಬ್ರೆ. ಇನ್ನೂ ಐವತ್ತೆಂಟು ಸೆಂಟಿಮೀಟರ್ ಹೊರಗಿದೆ."

ರೂಲಿಕ್ ಬಾಗಿ ಕಾಗದದ ಮೇಲಿನ ಲೆಕ್ಕ ನೋಡಿದರು. ಕುರ್ಚಿಯ ಬೆನ್ನು ಹಿಡಿದು ನಿಧಾನವಾಗಿ ಕೂತರು, ಟೈ ಸಡಿಲಿಸಿದರು. ಲೆಯೋಶ್‌ನ ಮಾತು ನೆನಪಾಗಿ ಅವಳಿಗೆ ಭಯವಾಯಿತು, ನೀರು ತರಲೇ ಎಂದು ಕೇಳಿದಳು. ಬೇಡವೆಂದು ಕೈಯಾಡಿಸಿದರು.

"ಗೊತ್ತಿತ್ತು," ಎಂದರು. "ಮಾಡೆಲ್ ಮುಗಿದಿತ್ತು, ಕೋಣೆಗೆ ಮೊಳೆ ಹೊಡೆದಾಗಿತ್ತು. ಒಂದು ಬುಧವಾರ ಟೇಪ್ ಹಿಡಿದು ನೋಡ್ದೆ, ಹೆಚ್ಚಿದೆ. ಎಷ್ಟು ಅಂತ ಪೂರ್ತಿ ಅಳೀಲಿಲ್ಲ. ಟೇಪನ್ನ ಜೇಬಿಗೆ ಹಾಕ್ಕೊಂಡೆ. ಆಮೇಲೆ ಪೇಪರಿನವನೊಬ್ಬ ಬಂದು, ಎಲ್ಲ ಹಿಡಿಸುತ್ತಾ ಅಂತ ಕೇಳ್ದ. ಹಿಡಿಸುತ್ತೆ ಅಂದೆ. ಒಂದ್ಸಲ ಅಂದ್ಮೇಲೆ ಏನ್ಮಾಡೋದು? ಐವತ್ತು ವರ್ಷ ಅಂತಾ ಬಂದೆ. ಜನ ತಲೆತೂಗ್ತಿದ್ರು." ಅವರು ಚಿತ್ರದ ಉಬ್ಬಿನ ಮೇಲೆ ಅಂಗೈ ಇಟ್ಟರು. "ಎಡಗಡೆ ಏನಿತ್ತು ಗೊತ್ತಾ? ಏನೂ ಇರ್ಲಿಲ್ಲ. ಬರೀ ಪ್ಲೈವುಡ್ಡು, ಸರಳಿಗೊಂದು ತೂತು. ಬಣ್ಣ ಕೂಡ ಬಳಿದಿರ್ಲಿಲ್ಲ. ನೀವು ಅಲ್ಲಿ ತೊಲೆ ಇಟ್ಟಿದ್ದೀರಿ, ಹೊದಿಕೆ ಹಾಕಿದ್ದೀರಿ. ಮಳೆ ಬಂದ್ರೆ ಸೋರಲ್ಲ."

"ಬಾಹ್ಯಾಕಾಶದಲ್ಲಿ ಮಳೆ ಇಲ್ಲ ಸಾಹೇಬ್ರೆ."

"ಗೊತ್ತಮ್ಮ. ಮಾತಿಗೆ ಹೇಳ್ದೆ." ಅವರು ಜೇಬಿನಿಂದ ಪೆನ್ನು ತೆಗೆದರು, ಕಪ್ಪು ಶಾಯಿಯದ್ದು, ನಕ್ಷೆಗೆ ಬಳಸುವಂಥದ್ದು. ಮುಚ್ಚಳ ತೆಗೆದು ಮೇಜಿನ ಮೇಲಿಟ್ಟರು. "ಎಲ್ಲಿ ಹಾಕ್ಲಿ? ನಿಮ್ಮ ಹೆಸರಿನ ಕೆಳಗಾ ಪಕ್ಕಕ್ಕಾ? ಬಾವಿನ ಸಮೇತ ಹಾಕ್ತೀನಿ. ಇದೇ ನನ್ನ ನೌಕೆ ಅಂತ ಬರೀತೀನಿ."

ಪೆನ್ನಿನ ತುದಿ ಕಾಗದದಿಂದ ಒಂದು ಬೆರಳು ದೂರದಲ್ಲಿತ್ತು. ಮುಂಬಾಗಿಲ ಎದುರಿನ ಗೋಡೆ ಅವಳ ಕಣ್ಣಿಗೆ ಕಟ್ಟಿತು, ಅದರ ಮುಂದೆ ತಲೆಯೆತ್ತಿ ನಿಂತ ಜನ, ಹಿಂದೆ ಕೈ ಕಟ್ಟಿ ಏನೂ ಅರ್ಥವಾಗದೆ ಬೀಗುವ ಲೆಯೋಶ್. ಹಾಕಿಬಿಡಲಿ, ಹಾಕಿಬಿಡಲಿ ಎಂದು ಒಳಗೊಂದು ದನಿ ಮಗುವಿನ ಹಾಗೆ ಕುಣಿಯಿತು. ಅವಳ ಕಣ್ಣು ಮಾತ್ರ ಆ ಉಬ್ಬನ್ನು ಬಿಟ್ಟು ಕದಲಲಿಲ್ಲ. ಒಂದು ಮೀಟರ್ ಎಂಬತ್ತು. ನೆರಳು, ಹೊಳಪು, ಮೊಳೆಯ ತಲೆಗಳು, ಎಲ್ಲ ಎಷ್ಟು ಚೆನ್ನಾಗಿ ಬಂದಿದೆ. ಎಷ್ಟು ಚೆನ್ನಾದ ಸುಳ್ಳು.

"ಬೇಡಿ ಸಾಹೇಬ್ರೆ," ಎಂದಳು.

"ಯಾಕೆ? ಇದಕ್ಕೇ ತಾನೆ ಬಂದಿದ್ದು?"

"ಇದಕ್ಕೇ. ಆದ್ರೆ ಉಬ್ಬು ಐವತ್ತೆಂಟು ಇರ್ಬೇಕು, ಒಂದು ಎಂಬತ್ತು ಇದೆ. ಅದು ಒಳಗೆ ಸರಿದ್ರೆ ತೊಟ್ಟಿಗಳು ಸರೀಬೇಕು, ತೊಟ್ಟಿ ಸರಿದ್ರೆ ಕೊಳವೆ. ನಲವತ್ತನಾಲ್ಕನೇ ನಂಬರಿಂದ ಅರವತ್ತೊಂದರವರೆಗೂ ಎಲ್ಲ ತಪ್ಪು. ಪೂರ್ತಿ ಹೊಸದಾಗಿ ಬರೀಬೇಕು."

"ಶುಕ್ರವಾರದೊಳಗೆ?"

"ನಾಲ್ಕು ತಿಂಗಳು ಬೇಕು."

"ಪ್ರದರ್ಶನ ಮುಗಿದಿರುತ್ತೆ. ಅಯ್ಯೋ ಮಾರಾಯ್ತಿ, ಅಲ್ಲಿಗೆ ಯಾರು ಟೇಪ್ ಹಿಡ್ಕೊಂಡು ಬರ್ತಾರೆ?"

"ನಾನು ಬಂದೆನಲ್ಲ."

ರೂಲಿಕ್ ಪೆನ್ನನ್ನು ಗಾಳಿಯಲ್ಲೇ ಹಿಡಿದುಕೊಂಡಿದ್ದರು. "ನನಗೆ ತೊಂಬತ್ತೊಂದು," ಎಂದರು.

"ಗೊತ್ತು."

"ನಾಲ್ಕು ತಿಂಗಳು ಇರ್ತೀನಿ ಅಂತ ಬರ್ಕೊಡೋಕೆ ಆಗಲ್ಲ. ಈಗ ಸಹಿ ಬೇಡ ಅಂದ್ರೆ, ಆಮೇಲೆ ಯಾವತ್ತೂ ಸಿಗದೇ ಹೋಗ್ಬಹುದು."

"ಅದೂ ಗೊತ್ತು ಸಾಹೇಬ್ರೆ," ಎಂದಳು. ಅವಳಿಗೆ ಅಳು ಬರುವಂತಾಗಿತ್ತು. ಆದರೆ ಬೆನ್ನು ನೆಟ್ಟಗಿತ್ತು, ಮತ್ತು ಆ ದೊಡ್ಡ ಚಪ್ಪಲಿಗಳಲ್ಲಿ ತಾನು ಇಷ್ಟು ಎತ್ತರಕ್ಕೆ ಹಿಂದೆಂದೂ ನಿಂತಿರಲಿಲ್ಲವೆಂದು ಅವಳಿಗೆ ಅನಿಸಿತು. ಗೋಡೆ ಹೋಯಿತು. ಹೋಗಲಿ. ಗೋಡೆಯ ಮೇಲೆ ಇದು ತೂಗುತ್ತಿರುವಾಗ ಕೈಚೀಲದಲ್ಲಿ ಏನನ್ನೋ ಹುಡುಕುತ್ತಾ ಅದರ ಮುಂದೆ ಹಾದುಹೋಗುವ ಮುದುಕಿ ತಾನಾಗುವುದಿಲ್ಲ.

ರೂಲಿಕ್ ಪೆನ್ನನ್ನು ಕೆಳಗಿಳಿಸಿದರು. ಆಮೇಲೆ ಎದುರಿನ ಕುರ್ಚಿಯನ್ನು ಕಾಲಿನಿಂದ ಹೊರಕ್ಕೆ ತಳ್ಳಿದರು. "ಹಾಗಾದ್ರೆ ಕೂತ್ಕೊ," ಎಂದರು. ನೀವು ಹೋಗಿ ನೀನು ಆಗಿದ್ದನ್ನು ಇಬ್ಬರೂ ಗಮನಿಸಿದರು. "ಹೊಸದಾಗಿ ಬರೆಯೋದೇ ಆದ್ರೆ ಅರ್ಧಂಬರ್ಧ ಬೇಡ. ಕುರ್ಚಿ ಒಂದೇ ಅಲ್ಲ. ಏಣಿಮೆಟ್ಟಿಲು ಇದ್ಯಲ್ಲ, ಅದರಲ್ಲಿ ಮೂರು ಮೆಟ್ಟಿಲು ಬರೀ ಬಣ್ಣದಲ್ಲಿ ಬರೆದದ್ದು. ಯಾರೂ ಅದನ್ನ ಹತ್ತಿಲ್ಲ. ಎಷ್ಟನೇ ನಂಬರು ಅದು?"

"ಮೂವತ್ತೊಂದು."

"ಹೊಡೆದುಹಾಕು."

ಅವಳು ಕೇಕಿನ ಕಾಗದಕ್ಕೆ ಕೈ ಚಾಚಿದಳು. ಅದರ ತುಂಬ ಬೆಣ್ಣೆಯ ಜಿಡ್ಡು, ಲೆಕ್ಕ. ಅವರು ಶಾಯಿಯ ಪೆನ್ನನ್ನು ಅವಳ ಕಡೆಗೆ ತಿರುಗಿಸಿ ಹಿಡಿದರು. ಬ್ಲಾಂಕಾ ಅದನ್ನು ತೆಗೆದುಕೊಂಡು ಚಿತ್ರದ ಮೇಲೆ ಬಾಗಿದಳು. ತನ್ನದೇ ಕೈಯ ಪುಟ್ಟ ಸಮ ಅಕ್ಷರಗಳಲ್ಲಿದ್ದ ಮೂವತ್ತೊಂದನೆಯ ಸಾಲಿನ ಮೇಲೆ, ಈ ತುದಿಯಿಂದ ಆ ತುದಿಯವರೆಗೆ ಅಳಿಸಲಾಗದ ಒಂದು ಗೆರೆ ಎಳೆದಳು.

"ಮುಂದಿಂದು ಹೇಳಿ ಸಾಹೇಬ್ರೆ," ಎಂದಳು.